ಪುಣೆಯ ಡೆಕ್ಕನ್‌ನ ‘ಡೇಟಿಂಗ್ ಇಂಗ್ಲಿಷ್’ ಕ್ಲಾಸ್: ಪದಗಳಿಗೆ ಎಂಬತ್ತು ಮಾರ್ಕ್ಸ್, ಸೈಕಾಲಜಿಗೆ ನಲವತ್ತು

ನನಗೆ ಮದುವೆಯಾಗಿದೆ, ಮಗ ಹತ್ತನೇ ಕ್ಲಾಸು. ಪ್ರೀತಿ ಪ್ರೇಮದ ಇಂಗ್ಲಿಷ್ ಪದ, ಜೊತೆಗೆ ಆಕರ್ಷಣೆಯ ಸೈಕಾಲಜಿ ಕಲಿಸುವ ಈ ಕ್ಲಾಸಿಗೆ ಫ್ಲರ್ಟ್ ಮಾಡೋದನ್ನು ಕಲಿಯಲು ನಾನು ಹೋಗಿರಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಾಂದ್ರೆ ಕೊಥ್ರೂಡ್‌ನ ನಮ್ಮ ಕನ್ನಡದವರ ಬಳಗದಲ್ಲಿ ಬೇರೆಯೇ ಸುದ್ದಿ ಓಡಾಡುತ್ತದೆ.

ಹಿಂಜವಡಿಯ ಒಂದು ಕಂಪನಿಯಲ್ಲಿ ಪೇರೋಲ್ ನೋಡಿಕೊಳ್ಳುತ್ತೇನೆ. ಜೊತೆಗೆ ಅಲ್ಲಿನ ಇಂಟರ್ನಲ್ ಕಮಿಟಿಯಲ್ಲೂ ಇದ್ದೇನೆ. ಕೆಲಸದ ಜಾಗದಲ್ಲಿ ನಡೆಯುವ ಲೈಂಗಿಕ ಕಿರುಕುಳದ ದೂರು ಕೇಳುವ ಕಮಿಟಿ ಇದು. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಇರಲೇಬೇಕು ಅಂತ 2013ರ ಕಾನೂನು ಹೇಳುತ್ತದೆ. ದೂರುಗಳು ಬರುವುದು ಇಂಗ್ಲಿಷಿನಲ್ಲಿ, ಅದೂ ಈಗಿನ ಹುಡುಗಿಯರ ಇಂಗ್ಲಿಷಿನಲ್ಲಿ. ಧಾರವಾಡದಲ್ಲಿ ಬಿ.ಕಾಂ. ಓದಿದಾಗ ‘ಬ್ರೆಡ್‌ಕ್ರಂಬಿಂಗ್’ ಅನ್ನೋದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದೂರಿನ ವಿಷಯ ಹೊರಗೆ ಬಿಡುವ ಹಾಗಿಲ್ಲ, ಆದ್ದರಿಂದ ಮನೆಯಲ್ಲಿ ಮಗನನ್ನು ಕೇಳುವಂತೆಯೂ ಇಲ್ಲ. ಕೇಳಿದರೂ ಅವನಿಗೆ ಗೊತ್ತಿರಬಾರದು ಅಂತ ನನ್ನ ಆಸೆ. ಅದಕ್ಕೇ ಈ ಕ್ಲಾಸಿಗೆ ಸೇರಿದೆ.

ಕ್ಲಾಸ್ ಇರುವುದು ಡೆಕ್ಕನ್ ಜಿಮಖಾನಾ ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರ. ಹಳೇ ಕಟ್ಟಡ, ಲಿಫ್ಟ್ ಇಲ್ಲ, ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಫೀ 3,500 ರೂಪಾಯಿ, ಹ್ಯಾಂಡೌಟ್ ಸೇರಿ.

ಪದ ಕಲಿಸುವ ಮೇಡಂ ಜೋರು. ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಿಲ್ಲ, ಜೋಡಿ ಜೋಡಿಯಾಗಿ ಎದುರು ನಿಲ್ಲಿಸುತ್ತಾರೆ. ‘ಹಿಟ್ ಆನ್’ ಮತ್ತು ‘ಹಿಟ್ ಇಟ್ ಆಫ್’ ತಗೊಳ್ಳಿ. ‘ಹೀ ಹಿಟ್ ಆನ್ ಹರ್’ ಅಂದ್ರೆ ಅವನು ಮೇಲೆ ಬಿದ್ದು ಲೈನ್ ಹೊಡೆದ, ಅವಳಿಗೆ ಬೇಕಿತ್ತೋ ಇಲ್ಲವೋ ಯಾರಿಗೆ ಗೊತ್ತು. ‘ದೇ ಹಿಟ್ ಇಟ್ ಆಫ್’ ಅಂದ್ರೆ ಮೊದಲ ಭೇಟಿಯಲ್ಲೇ ಇಬ್ಬರಿಗೂ ಚೆನ್ನಾಗಿ ಹೊಂದಿತು, ಪ್ರೇಮವೇ ಆಗಬೇಕಿಲ್ಲ, ಸ್ನೇಹಕ್ಕೂ ನಡೆಯುತ್ತದೆ. ದೂರಿನಲ್ಲಿ ಇವೆರಡು ಅದಲುಬದಲಾದರೆ ಕೇಸೇ ತಲೆಕೆಳಗು. ‘ಲೀಡ್ ಆನ್’ ಅಂದರೆ ಮನಸ್ಸಿಲ್ಲದಿದ್ದರೂ ಆಸೆ ಹುಟ್ಟಿಸಿ ನಡೆಸಿಕೊಂಡು ಹೋಗುವುದು. ‘ಬ್ರೆಡ್‌ಕ್ರಂಬಿಂಗ್’ ಅದರ ತಮ್ಮ. ಆಗೊಮ್ಮೆ ಈಗೊಮ್ಮೆ ಒಂದು ಮೆಸೇಜು ಎಸೆದು ಆಸೆ ಆರದಂತೆ ನೋಡಿಕೊಳ್ಳುವುದು. ‘ಘೋಸ್ಟಿಂಗ್’, ಅಂದರೆ ಹೇಳದೆ ಕೇಳದೆ ಮಾತು ನಿಲ್ಲಿಸಿ ಮಾಯವಾಗುವುದು, ಎಲ್ಲರಿಗೂ ಗೊತ್ತಿತ್ತು. ‘ರಿಜ್’ ಮಾತ್ರ ನಮ್ಮ ವಯಸ್ಸಿನವರಿಗೆ ಹೊಸದು. ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದ ಅಂತ ಆರಿಸಿದ್ದು ಅದನ್ನೇ, ಎದುರಿನವರನ್ನು ಸೆಳೆಯುವ ಮೋಡಿ ಅಂತ ಅರ್ಥ.

ನಮ್ಮ ದೇಶದ ಇಂಗ್ಲಿಷ್ ಎಲ್ಲಿ ಬೇರೆಯಾಗುತ್ತದೆ ಅನ್ನೋ ಪಾಠಕ್ಕೇ ಅರ್ಧ ಫೀ ಕೊಡಬಹುದು. ನಾವು ‘ಅವನು ನನಗೆ ಪ್ರಪೋಸ್ ಮಾಡಿದ’ ಅಂದರೆ ಪ್ರೀತಿ ಹೇಳಿಕೊಂಡ ಅಂತ. ನಮ್ಮ ಅಮೆರಿಕ ಆಫೀಸಿನವರು ಓದಿದರೆ ಮಂಡಿಯೂರಿ ಉಂಗುರ ಕೊಟ್ಟ ಅಂತ ತಿಳಿದಾರು. ‘ಟೀಸ್’ ಇನ್ನೂ ಅಪಾಯದ್ದು. ಅವರಲ್ಲಿ ಬಹಳ ಸಲ ಅದು ಸಲಿಗೆಯ ತಮಾಷೆ. ನಮ್ಮಲ್ಲಿ ಈವ್ ಟೀಸಿಂಗ್ ಅಂತ ಪೇಪರಿನವರು ಬರೆದು ಬರೆದು, ಹುಡುಗಿ ‘ಹೀ ಟೀಸ್ಡ್ ಮಿ’ ಅಂದರೆ ಕಾಟ ಕೊಟ್ಟ ಅಂತಲೇ ಅರ್ಥ.

ಪಕ್ಕದಲ್ಲಿ ಬೆಳಗಾವಿಯ ಒಬ್ಬ ಹುಡುಗ ಕೂರುತ್ತಿದ್ದ. ಅವನಿಗೆ ಈ ಪಾಠವೆಲ್ಲ ಬೇಡ. “ಅಕ್ಕಾರ, ಹುಡುಗಿ ಮುಂದ ಏನ್ ಮಾತಾಡ್ಬೇಕು ಅಂತ ಯಾವಾಗ ಹೇಳಿಕೊಡ್ತಾರ್ರೀ?” ಅಂತ ಕಿವಿಯಲ್ಲಿ ಕೇಳುತ್ತಿದ್ದ. “ಮೊದ್ಲ ಆಕಿ ಏನ್ ಹೇಳಾಕತ್ತಾಳ ಕೇಳಪಾ” ಅಂದೆ. ಅವನಿಗೆ ರುಚಿಸಲಿಲ್ಲ.

ಇನ್ನು ಸೈಕಾಲಜಿ. ಇದಕ್ಕೆ ಬೇರೆ ಸರ್ ಬರುತ್ತಾರೆ, ಸ್ಲೈಡ್ ಜಾಸ್ತಿ. ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಪ್ರಯೋಗವನ್ನು ರಸವತ್ತಾಗಿ ಹೇಳಿದರು. 1974ರಲ್ಲಿ ಡಟನ್ ಮತ್ತು ಆರನ್ ಮಾಡಿದ್ದು. ಎತ್ತರದಲ್ಲಿ ಓಲಾಡುವ ಸೇತುವೆ ಮೇಲೆ ಒಬ್ಬ ಯುವತಿ ಗಂಡಸರನ್ನು ನಿಲ್ಲಿಸಿ, ಒಂದು ಚಿತ್ರ ತೋರಿಸಿ ಚಿಕ್ಕ ಕಥೆ ಬರೆಸಿ, ಆಮೇಲೆ ತನ್ನ ಫೋನ್ ನಂಬರ್ ಕೊಡುತ್ತಾಳೆ. ಅಲ್ಲಿ ನಂಬರ್ ತಗೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿಯಾದ, ತಗ್ಗಿನ ಸೇತುವೆಯಲ್ಲಿ 16ರಲ್ಲಿ 2 ಜನ. ಹೆದರಿಕೆಗೆ ಎದೆ ಹೊಡೆದುಕೊಂಡದ್ದನ್ನು ಮನಸ್ಸು ಆಕರ್ಷಣೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ ಅಂತ ವಿವರಣೆ. ಅಲ್ಲಿಗೆ ಸರಿ. ಆದರೆ ಸರ್ ಅಲ್ಲಿಂದ ನೇರ ನಮ್ಮ ಲೋಹಗಡ ಕೋಟೆಗೆ ಹಾರಿದರು: ಮೊದಲ ಡೇಟಿಗೆ ಟ್ರೆಕ್ಕಿಂಗ್ ಕರೆದುಕೊಂಡು ಹೋಗಿ, ಕೆಲಸ ಆಗುತ್ತದೆ. 1981ರಲ್ಲಿ ವೈಟ್ ಮತ್ತು ಜೊತೆಗಾರರು ಮಾಡಿದ ಪ್ರಯೋಗದ ಸುದ್ದಿಯೇ ಇಲ್ಲ. ಅಲ್ಲಿ ನಿಂತಲ್ಲೇ ಓಡಿ ಏದುಸಿರು ಬಿಟ್ಟ ಗಂಡಸರಿಗೆ ಚೆಂದದ ಹುಡುಗಿ ಇನ್ನೂ ಚೆಂದ ಕಂಡಳು. ಚೆಂದ ಇಲ್ಲದವಳು ಇನ್ನಷ್ಟು ಬೇಡವಾದಳು. ಅಂದರೆ ಮೊದಲೇ ಇಷ್ಟವಾಗದವನ ಜೊತೆ ಗಡ ಹತ್ತಿಸಿದರೆ ಆ ಸಿಟ್ಟೂ ಏರಬಹುದು ಅಲ್ವಾ?

ನನಗೆ ನಿಜಕ್ಕೂ ಕೋಪ ಬಂದದ್ದು ‘ಮಿಯರ್ ಎಕ್ಸ್‌ಪೋಶರ್’ ಪಾಠದಲ್ಲಿ. ಪದೇ ಪದೇ ಕಂಡದ್ದು ಹಿಡಿಸತೊಡಗುತ್ತದೆ ಅಂತ 1968ರಲ್ಲಿ ಮನೋವಿಜ್ಞಾನಿ ಝಯಾಂಕ್ ತೋರಿಸಿದ್ದು. ಕೊಥ್ರೂಡ್‌ನಿಂದ ಹಿಂಜವಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಇದು ದಿನಾ ನಡೆಯುತ್ತದೆ, ನಾನು ನೋಡಿದ್ದೇನೆ, ಎರಡು ಮದುವೆಯ ಊಟವನ್ನೂ ಮಾಡಿದ್ದೇನೆ. ಆದರೆ ಹ್ಯಾಂಡೌಟಿನಲ್ಲಿ ‘ಅವಳ ಕಣ್ಣಿಗೆ ಬೀಳುತ್ತಲೇ ಇರಿ’ ಅಂತ ಬರೆದಿದೆ! 1992ರಲ್ಲಿ ಮೋರ್ಲ್ಯಾಂಡ್ ಮತ್ತು ಬೀಚ್ ಅನ್ನೋ ಇಬ್ಬರು ಒಂದು ಕಾಲೇಜು ಕ್ಲಾಸಿನಲ್ಲಿ ನಾಲ್ವರು ಯುವತಿಯರನ್ನು ಇಟ್ಟುಕೊಂಡು ಇದನ್ನೇ ನೋಡಿದರು. ಒಬ್ಬಳು ಒಮ್ಮೆಯೂ ಹೋಗಲಿಲ್ಲ, ಉಳಿದವರು 5, 10, 15 ಸಲ ಹೋದರು. ಜಾಸ್ತಿ ಬಂದವಳೇ ವಿದ್ಯಾರ್ಥಿಗಳಿಗೆ ಜಾಸ್ತಿ ಇಷ್ಟವಾದಳು. ಆದರೆ ಅವರು ಬಂದು ಸುಮ್ನೆ ಕೂತು ಎದ್ದು ಹೋದರು, ಯಾರ ಜೊತೆಗೂ ಮಾತಿಲ್ಲ, ಯಾರ ಬೆನ್ನೂ ಹತ್ತಲಿಲ್ಲ. ಬೇಡ ಅಂದವಳ ಡೆಸ್ಕಿನ ಹತ್ತಿರ ದಿನಾ ಸುಳಿದಾಡುವುದಕ್ಕೆ ಇದನ್ನು ಸಾಕ್ಷಿ ಮಾಡಿಕೊಂಡರೆ ಆ ಕಡತ ನನ್ನ ಟೇಬಲ್ಲಿಗೇ ಬರುತ್ತದೆ.

ನಾನು ಕೈ ಎತ್ತಿ ಇಷ್ಟನ್ನೂ ಹೇಳಿದೆ. “ಇದು ಆಫೀಸ್ ಟ್ರೇನಿಂಗ್ ಅಲ್ಲ ಮೇಡಂ” ಅಂದರು ಸರ್. ಇರಲಿ. ಆದರೆ ಕ್ಲಾಸಿನಲ್ಲಿದ್ದವರಲ್ಲಿ ಮುಕ್ಕಾಲು ಜನ ಐಟಿಯವರು, ಅವರು ಹುಡುಗಿಯರನ್ನು ನೋಡುವುದೇ ಆಫೀಸಿನಲ್ಲಿ. ಮೋಡಿಗೆ, ಸೆಳೆತಕ್ಕೆ ಅಷ್ಟೊಂದು ಪದ ಕೊಟ್ಟ ಹ್ಯಾಂಡೌಟಿನಲ್ಲಿ ‘ಅನ್‌ವೆಲ್‌ಕಮ್’, ಅಂದರೆ ಎದುರಿನವರಿಗೆ ಬೇಡವಾದದ್ದು, ಅನ್ನೋ ಪದ ಒಮ್ಮೆಯೂ ಇಲ್ಲ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ ಹಿಡಿದು 2013ರ ಕಾನೂನಿನವರೆಗೆ ಎಲ್ಲ ನಿಂತಿರುವುದೇ ಆ ಪದದ ಮೇಲೆ. ‘ಐ ಆಮ್ ನಾಟ್ ಇನ್‌ಟು ಯು’, ‘ಪ್ಲೀಸ್ ಸ್ಟಾಪ್’ ಅನ್ನೋ ಸರಳ ವಾಕ್ಯಗಳನ್ನು ಹೇಳುವುದಕ್ಕೂ, ಕೇಳಿದಾಗ ಮರ್ಯಾದೆಯಿಂದ ಹಿಂದೆ ಸರಿಯುವುದಕ್ಕೂ ಒಂದು ಗಂಟೆ ಇಟ್ಟಿದ್ದರೆ ಏನು ಹೋಗುತ್ತಿತ್ತು? ಪದದ ಮೇಡಂಗೆ ಇದು ಅರ್ಥವಾಯಿತು, ಮುಂದಿನ ಬ್ಯಾಚಿಗೆ ಸೇರಿಸುತ್ತೇನೆ ಅಂದಿದ್ದಾರೆ.

ಸೇರುವವರು ಭಾನುವಾರ ಬೆಳಗಿನ ಬ್ಯಾಚು ಹಿಡಿಯಿರಿ. ಮುಗಿದ ಮೇಲೆ ಎಫ್‌ಸಿ ರೋಡಿನ ವೈಶಾಲಿ ಹೋಟೆಲಿಗೆ ನಡೆದು ಹೋಗಬಹುದು. ಕಾಲೇಜು ಹುಡುಗ ಹುಡುಗಿಯರು ಒಂದೇ ಪ್ಲೇಟ್ ಎಸ್‌ಪಿಡಿಪಿ (ಸೇವ್ ಪೊಟಾಟೊ ದಹಿ ಪುರಿ) ಮುಂದಿಟ್ಟುಕೊಂಡು ಕೂತಿರುತ್ತಾರೆ, ಕಲಿತ ಪದಗಳಿಗೆಲ್ಲ ಅಲ್ಲೇ ಉದಾಹರಣೆ ಸಿಗುತ್ತದೆ. ಸೈಕಾಲಜಿ ಬೇಡದವರಿಗೆ ಬರೀ ಪದಗಳ ಕ್ಲಾಸು 2,000ಕ್ಕೆ ಕೊಡುತ್ತಾರೆ, ಆದರೆ ಬಾಯಿಬಿಟ್ಟು ಕೇಳಬೇಕು. ರಸೀದಿಯ ಮೇಲೆ ಕೋರ್ಸಿನ ಹೆಸರು ಪೂರ್ತಿ ಇರುತ್ತದೆ. ಕಂಪನಿಯಿಂದ ಫೀ ವಾಪಸ್ ಪಡೆಯುವವರು ಅಕೌಂಟ್ಸ್‌ನವರಿಗೆ ಮೊದಲೇ ವಿಷಯ ತಿಳಿಸಿಡಿ.