ಗುರುವಾರದ ಜೋಡಿ ಕಾಲ್‌ಗೆ ಐದು ಸ್ಟಾರ್, ಉಳಿದದ್ದಕ್ಕೆ ಎರಡು

ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಈ ಆನ್‌ಲೈನ್ ಸಾಫ್ಟ್ ಸ್ಕಿಲ್ಸ್ ಕೋರ್ಸ್ ಸೇರಿದ್ದೆ. ಫೀ ₹4,500, ಎರಡು ಕಂತು. ಈಗ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಮಾಲು ಕಳಿಸುವ ಡಿಸ್ಪ್ಯಾಚ್ ಕೆಲಸ ನೋಡಿಕೊಳ್ಳುತ್ತೇನೆ. ಕೋರ್ಸ್ ಮುಗಿದ ವಾರವೇ ಬರೆದಿದ್ದರೆ ಒಂದೇ ಸ್ಟಾರ್ ಹಾಕಿ ಎದ್ದುಬಿಡುತ್ತಿದ್ದೆ. ಕೆಲಸಕ್ಕೆ ಸೇರಿ ವರ್ಷ ದಾಟಿದ ಮೇಲೆ ಲೆಕ್ಕ ಸ್ವಲ್ಪ ಬದಲಾಗಿದೆ. ಮಾಡ್ಯೂಲ್ ಎಷ್ಟು, ಗಂಟೆ ಎಷ್ಟು ಅನ್ನೋದೆಲ್ಲ ಅವರ ಜಾಹೀರಾತಿನಲ್ಲೇ ಇದೆ, ನೋಡಿರುತ್ತೀರಿ.

ಮೊದಲು ಸಿಟ್ಟು ಬರಿಸಿದ ವಿಷಯ. ಆ್ಯಪ್‌ನಲ್ಲಿ ಕಾನ್ಫಿಡೆನ್ಸ್ ಸ್ಕೋರ್ ಅಂತ ಒಂದಿದೆ. ಕ್ಯಾಮೆರಾ ಮುಂದೆ ಎರಡು ನಿಮಿಷ ಇಂಗ್ಲಿಷ್‌ನಲ್ಲಿ ಉತ್ತರ ಹೇಳಬೇಕು, ಅದು ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತದೆ. ಮಾತು ನಿಂತರೆ ಅಂಕ ಕಟ್. ಕಣ್ಣು ಅತ್ತಿತ್ತ ಹೋದರೆ ಕಟ್. ನಾವು ಬೈಲಹೊಂಗಲ ಕಡೆಯವರು, ಇಂಗ್ಲಿಷ್ ವಾಕ್ಯ ಬಾಯಿಗೆ ಬರುವ ಮುಂಚೆ ಒಂದು ಕ್ಷಣ ತಲೆಯಲ್ಲಿ ಜೋಡಿಸಿಕೊಳ್ಳುತ್ತೇವೆ. ಅಷ್ಟಕ್ಕೇ ಕೆಂಪು ಗೆರೆ ಎದ್ದು 'ನೀವು ಅಳುಕುತ್ತಿದ್ದೀರಿ' ಅನ್ನುತ್ತದೆ. ನಾನಿದ್ದದ್ದು ಟಿಳಕವಾಡಿಯ ಒಂದು ಮಹಡಿ ರೂಮಿನಲ್ಲಿ, ಮೇಲೆ ತಗಡಿನ ಶೀಟ್. ಜುಲೈನಲ್ಲಿ ಬೆಳಗಾವಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ, ಗೊತ್ತಲ್ವಾ? ಆ ಸದ್ದಿನಲ್ಲಿ ನನ್ನ ದನಿ ಆ್ಯಪ್‌ಗೆ ಕೇಳುತ್ತಿರಲಿಲ್ಲ, ಸ್ಕೋರ್ ಇನ್ನೂ ಕೆಳಗೆ.

ಒಂದು ದಿನ ರೂಮ್‌ಮೇಟ್ ಶಾಂಪೂ ಬಾಟಲಿ ಹಿಂದಿದ್ದ ಇಂಗ್ಲಿಷ್ ಬರಹವನ್ನು ಸುಮ್ನೆ ತಮಾಷೆಗೆ ಕ್ಯಾಮೆರಾ ಮುಂದೆ ಗಡಗಡ ಓದಿದಳು. ನನಗಿಂತ ಜಾಸ್ತಿ ಬಂತು! ಸಂದರ್ಶನದ ವಿಡಿಯೊದಲ್ಲಿ ಮುಖಭಾವ ನೋಡಿ ಅಂಕ ಹಾಕುವುದನ್ನು ವಿಡಿಯೊ ಸಂದರ್ಶನದ ಸಾಫ್ಟ್‌ವೇರ್ ಮಾಡುವ ಅಮೆರಿಕದ ಹೈರ್‌ವ್ಯೂ ಕಂಪನಿಯೇ ಕೈಬಿಟ್ಟಿದ್ದಾಗಿ 2021ರ ಜನವರಿಯಲ್ಲಿ ಹೇಳಿತ್ತು. ಇವರು ಅದನ್ನೇ ಹೊಸ ಸೌಲಭ್ಯ ಅಂತ ಮಾರುತ್ತಿದ್ದಾರೆ. ದೂರು ಕೊಟ್ಟರೆ 'ಇನ್ನಷ್ಟು ಅಭ್ಯಾಸ ಮಾಡಿ' ಅಂತ ಉತ್ತರ ಬಂತು.

ವಿಡಿಯೊಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಇಮೇಲ್ ಬರೆಯೋದು, ಟೀಮ್‌ವರ್ಕ್, ಸಂದರ್ಶನದ ಉತ್ತರಕ್ಕೆ ಸ್ಟಾರ್ (STAR) ವಿಧಾನ, ಅಂದರೆ ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ. ತಪ್ಪೇನಿಲ್ಲ. ಆದರೆ ಉದಾಹರಣೆಯ ಆಫೀಸುಗಳೆಲ್ಲ ಗಾಜಿನ ಕಟ್ಟಡದಲ್ಲೇ ಇರುತ್ತವೆ. ಈ ಪಾಠವೇ ಬೇಕಿದ್ದರೆ ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ನೋಡಬಹುದು. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಫೀ ಕಟ್ಟಬೇಕು, ನಾನು ನೋಡಿದಾಗ ₹1,000 ಇತ್ತು. ಮನೆಯಿಂದ ತಿಂಗಳ ಖರ್ಚಿಗೆ ಎಣಿಸಿ ದುಡ್ಡು ತರಿಸಿಕೊಳ್ಳುವ ನಮ್ಮಂಥವರಿಗೆ ಅದೇ ಸರಿ. ಅಲ್ಲಿ ನೀವು ಮಾತಾಡಿದ್ದನ್ನು ಕೇಳಿಸಿಕೊಳ್ಳುವವರು ಇರುವುದಿಲ್ಲ, ಅಷ್ಟೇ.

ಆ ಕೇಳಿಸಿಕೊಳ್ಳುವ ಕೆಲಸ ಇಲ್ಲಿ ಗುರುವಾರ ನಡೆಯುತ್ತಿತ್ತು. ಸಂಜೆ ಏಳಕ್ಕೆ ಜೋಡಿ ಕಾಲ್, ಅಂದರೆ ಇಬ್ಬರು ವಿದ್ಯಾರ್ಥಿಗಳು ಒಂದೊಂದು ಪಾತ್ರ ವಹಿಸಿ ಮಾತಾಡುವುದು, ಟ್ರೇನರ್ ಕೇಳಿಸಿಕೊಳ್ಳುವುದು. ಆರೂವರೆಗೆ ಮೆಸ್ ಡಬ್ಬಿ ಬರುತ್ತಿತ್ತು, ಎರಡು ಚಪಾತಿ ತಿಂದು, ಉಳಿದದ್ದು ಮುಚ್ಚಿಟ್ಟು, ಚಹಾ ಮಾಡಿಕೊಂಡು, ಇಯರ್‌ಫೋನ್ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದೆ. ಕ್ಯಾಮೆರಾ ಬೇಡ, ಸ್ಕೋರ್ ಇಲ್ಲ, ಭಾಷೆ ಯಾವುದಾದರೂ ಸರಿ. ಯಾರು ಏನು ಮಾತಾಡಬೇಕು ಅಂತ ಇಬ್ಬರಿಗೂ ಒಂದೊಂದು ಚೀಟಿ. ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ನನ್ನದರಲ್ಲಿ 'ಮಾಲು ನಾಲ್ಕು ದಿನ ತಡ, ಗ್ರಾಹಕರಿಗೆ ತಿಳಿಸಿ' ಅಂತ ಇತ್ತು. ಎದುರಿಗಿದ್ದ ಮುಧೋಳದ ಹುಡುಗನ ಚೀಟಿಯಲ್ಲಿ ಏನಿತ್ತೋ, ನಾನು ಕ್ಷಮೆ ಕೇಳಿ, ಪವರ್ ಕಟ್, ಲೇಬರ್ ಇಲ್ಲ ಅಂತ ಪೀಠಿಕೆ ಹಾಕುತ್ತಿದ್ದಂತೆ ಮಧ್ಯಕ್ಕೇ ಬಾಯಿ ಹಾಕಿದ: "ಏನ್ರಿ ಮೇಡಂ, ನಿಮ್ಮ ಕಾರಣ ತಗೊಂಡು ನಾ ಏನ್ ಮಾಡ್ಲಿ? ಮಾಲ್ ಯಾವಾಗ ಬರ್ತೈತಿ ಅದನ್ನ ಹೇಳ್ರಿ!"

ಟ್ರೇನರ್ ಮೇಡಂ ಸುಮ್ಮನೆ ಕೇಳುತ್ತಿದ್ದವರು ಕೊನೆಗೆ ಹೇಳಿದರು: "ಸಾರಿ ಮೂರು ಸಲ ಹೇಳಿದಿರಿ. ತಾರೀಖು ಒಂದ್ಸಲಾನೂ ಹೇಳಲಿಲ್ಲ." ಅವರ ಕ್ರಮ ಇಷ್ಟೇ. ಕೆಟ್ಟ ಸುದ್ದಿ ಮೊದಲ ವಾಕ್ಯದಲ್ಲೇ. ಎರಡನೆಯದರಲ್ಲಿ ಹೊಸ ತಾರೀಖು. ಕಾರಣ ಕೇಳಿದರೆ ಮಾತ್ರ. ಎದುರಿನವರು ಬೈಯುವಾಗ ನಡುವೆ ಮಾತಾಡಬೇಡಿ. ಅವರು ಹೇಳಿದ್ದನ್ನು ನಿಮ್ಮ ಮಾತಲ್ಲಿ ಒಮ್ಮೆ ತಿರುಗಿ ಹೇಳಿ. ಫೋನ್ ಇಟ್ಟ ತಕ್ಷಣ ಒಪ್ಪಿದ್ದನ್ನು ಮೆಸೇಜಿನಲ್ಲಿ ಹಾಕಿ.

ಕೆಲಸಕ್ಕೆ ಸೇರಿದ ಮೇಲೆ ನಿಜವಾದ ಕಾಲ್ ಬಂತು. ಒಂದು ಲಾಟ್ ಕಾಸ್ಟಿಂಗ್‌ನಲ್ಲಿ (ಎರಕದ ಮಾಲಿನಲ್ಲಿ) ಬ್ಲೋ ಹೋಲ್, ಅಂದರೆ ಗಾಳಿ ಸೇರಿ ಆಗುವ ತೂತು, ಬಿದ್ದು ಇನ್‌ಸ್ಪೆಕ್ಷನ್‌ನಲ್ಲಿ ರಿಜೆಕ್ಟ್ ಆಯಿತು. ಪಾರ್ಟಿ ಕೊಲ್ಹಾಪುರದವರು. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೇಳಿದೆ: ಮಾಲು ಇವತ್ತು ಬರುವುದಿಲ್ಲ, ನಲವತ್ತು ಪೀಸ್ ಬುಧವಾರ, ಉಳಿದದ್ದು ಶನಿವಾರ. ಅವರು ಚೆನ್ನಾಗಿ ಬೈದರು. ನಾನು ತೆಪ್ಪಗಿದ್ದೆ. ಆ್ಯಪ್ ಇದ್ದಿದ್ದರೆ ಎಷ್ಟು ಅಂಕ ಕಟ್ ಆಗುತ್ತಿತ್ತೋ! ಅವರು ಬೈದು ಮುಗಿಸಿದ ಮೇಲೆ "ಬುಧವಾರ ನಲವತ್ತು ಬಂದರೆ ನಿಮ್ಮ ಲೈನ್ ನಡೆಯುತ್ತದೆ, ಅಲ್ವಾ?" ಅಂದೆ. "ಸಾಠ್ ಭೇಜೋ" (ಅರವತ್ತು ಕಳಿಸಿ) ಅಂದರು. ಶಾಪ್ ಫ್ಲೋರ್‌ನಲ್ಲಿ ಕೇಳಿ ಐವತ್ತಕ್ಕೆ ಒಪ್ಪಿಸಿದೆ. ನನ್ನ ದಿನದ ಅರ್ಧ ಹೊತ್ತು ಇಂಥ ಫೋನಿನಲ್ಲೇ ಹೋಗುತ್ತದೆ. ಇದರಲ್ಲಿ ಇಂಗ್ಲಿಷ್ ಬೇಕಾಗುವುದು ಇನ್‌ವಾಯ್ಸ್‌ಗೆ ಮಾತ್ರ.

ಇಷ್ಟು ಚೆನ್ನಾಗಿದ್ದದ್ದನ್ನು ಅವರು ನಡೆಸಿದ ರೀತಿ ನೋಡಿ. ಬ್ಯಾಚಿಗೆ ಎಂಟೇ ಗುರುವಾರ. ಅದರಲ್ಲೂ ಕೊನೆಯ ಎರಡು ರದ್ದು, ಬದಲಿಗೆ ಹಿಂದಿನ ಬ್ಯಾಚಿನ ರೆಕಾರ್ಡಿಂಗ್ ಕಳಿಸಿದರು. ಜೋಡಿ ಕಾಲ್‌ನ ರೆಕಾರ್ಡಿಂಗ್ ಇಟ್ಟುಕೊಂಡು ಯಾರ ಜೊತೆ ಮಾತಾಡೋದು?

ಬಾಗಲಕೋಟೆ ನವನಗರದಲ್ಲಿ ಬಿಸಿಎ ಓದುವ ತಮ್ಮ "ಅಕ್ಕಾ, ನಾನೂ ಸೇರ್ಲಾ?" ಅಂತ ಕೇಳಿದ. ಬೇಡ ಅಂದೆ. ನೆನಪಿದ್ದ ಚೀಟಿಗಳನ್ನು ಬರೆದು ಕಳಿಸಿದ್ದೇನೆ, ಗೆಳೆಯನ ಜೊತೆ ಫೋನಿನಲ್ಲಿ ಮಾಡುತ್ತಿದ್ದಾನೆ. ಕೇಳಿಸಿಕೊಂಡು ತಪ್ಪು ಹೇಳುವ ಮೇಡಂ ಒಬ್ಬರಿಲ್ಲ, ಆ ಕೊರತೆ ಇದ್ದೇ ಇದೆ. ಗುರುವಾರದ ಕಾಲ್ ಒಂದನ್ನೇ ಬೇರೆ ಮಾಡಿ ಮಾರಿದರೆ ₹1,500 ಕೊಡಬಹುದು. ಪೂರ್ತಿ ಪ್ಯಾಕೇಜ್ ತಗೊಳ್ಳಲೇಬೇಕು ಅನ್ನುವವರು ಎರಡನೇ ಕಂತು ಕಟ್ಟುವ ಮುಂಚೆ, ನಿಮ್ಮ ಬ್ಯಾಚಿಗೆ ಎಷ್ಟು ಗುರುವಾರ, ರದ್ದಾದರೆ ಬದಲಿ ದಿನ ಯಾವುದು ಅಂತ ಇಮೇಲ್‌ನಲ್ಲಿ ಕೇಳಿ ಬರೆಸಿಕೊಳ್ಳಿ.