ಲೈನ್ ಇಂಟರ್ಯಾಕ್ಟಿವ್ ಯುಪಿಎಸ್: ಹಲವು ವರ್ಷಗಳ ಬಳಕೆಯ ನಂತರ

ಕಚೇರಿಯ ಕಡತಗಳಿರುವ ಸರ್ವರ್, ನೆಟ್‌ವರ್ಕ್ ಸ್ವಿಚ್ ಮತ್ತು ರೂಟರ್‌ಗಾಗಿ 1000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಲೈನ್ ಇಂಟರ್ಯಾಕ್ಟಿವ್ ಯುಪಿಎಸ್ (ಕರೆಂಟ್ ಇರುವಾಗ ಅದನ್ನೇ ದಾಟಿಸಿ, ಹೋದಾಗ ಬ್ಯಾಟರಿಗೆ ಬದಲಾಗುವ ಸಾಧನ) ಒಂದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಈ ವಿಎ ಸಂಖ್ಯೆ. ಯಂತ್ರ ಹೊರಬಲ್ಲದ್ದು 600 ವ್ಯಾಟ್ ಮಾತ್ರ ಎಂಬುದು ಕೈಪಿಡಿಯ ಒಳಪುಟದಲ್ಲಿದೆ. ಕೊಳ್ಳುವಾಗ ಎರಡನ್ನೂ ನೋಡಬೇಕು.

ಗಂಟೆಗಟ್ಟಲೆ ಕರೆಂಟ್ ಇಲ್ಲದಾಗಲೂ ಕೆಲಸ ನಡೆಸಬಹುದೆಂದು ಇದನ್ನು ಕೊಂಡವರಿಗೆ ನಿರಾಸೆ ಖಂಡಿತ. ಇದರ ನಿಜವಾದ ಉಪಯೋಗ ತಿಳಿಯುವುದು, ದೀಪವೊಮ್ಮೆ ಮಿಣುಕಿ ಮತ್ತೆ ಬೆಳಗುವಷ್ಟರಲ್ಲಿ ಬೇರೆ ಕಂಪ್ಯೂಟರ್‌ಗಳೆಲ್ಲ ರೀಸ್ಟಾರ್ಟ್ ಆದರೂ ಸರ್ವರ್ ಮಾತ್ರ ಏನೂ ಆಗದಂತೆ ಓಡುತ್ತಿರುವುದನ್ನು ಕಂಡಾಗ. ಒಳಗಿನ ರಿಲೇ (ತಾನಾಗಿ ಬದಲಾಗುವ ಸ್ವಿಚ್) ಟಕ್ಕೆಂದು ಸದ್ದು ಮಾಡಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಲೋಡನ್ನು, ಅಂದರೆ ಜೋಡಿಸಿದ ಉಪಕರಣಗಳನ್ನು, ಬ್ಯಾಟರಿಗೆ ವರ್ಗಾಯಿಸುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ ತನ್ನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ತಿನಿಂದಲೇ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹೊತ್ತು ತಾಳಿಕೊಳ್ಳುವುದರಿಂದ ಈ ಅಂತರ ಅದಕ್ಕೆ ತಟ್ಟುವುದೇ ಇಲ್ಲ. ವೋಲ್ಟೇಜ್ ತುಸು ಇಳಿದಾಗಲಂತೂ ಯುಪಿಎಸ್ ಬ್ಯಾಟರಿಯನ್ನು ಮುಟ್ಟದೆ, ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ (ಸುರುಳಿಯ ಸಂಪರ್ಕಬಿಂದು) ಬದಲಿಸಿಯೇ ಸರಿಪಡಿಸಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಬಹುಮುಖ್ಯವಾದದ್ದು ಅದರ ಜೊತೆ ಬರುವ ಯುಎಸ್‌ಬಿ ಕೇಬಲ್. ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕ್ಯಾಶ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದ ಮಾಹಿತಿ ಅಳಿದುಹೋಗುವುದಲ್ಲದೆ ಫೈಲ್ ಸಿಸ್ಟಮ್ ಕೂಡ ಕೆಡಬಹುದು. ಕೇಬಲ್ ಜೋಡಿಸಿ ತಂತ್ರಾಂಶವನ್ನು ಹೊಂದಿಸಿಟ್ಟಿದ್ದರೆ, ಬ್ಯಾಟರಿ ಮುಗಿಯುತ್ತ ಬಂದಿರುವುದು ಸರ್ವರ್‌ಗೆ ತಿಳಿದು, ಅದು ಡೇಟಾಬೇಸನ್ನು ಮುಚ್ಚಿ ಕ್ರಮವಾಗಿ ಶಟ್‌ಡೌನ್ ಆಗುತ್ತದೆ. ಇಷ್ಟಾಗಿಯೂ ಅನೇಕರು ಆ ಕೇಬಲ್ಲನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯುವುದಿಲ್ಲ!

ನನ್ನ ದೂರಿರುವುದು ಬ್ಯಾಟರಿಯ ಬಗ್ಗೆ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಶೇ. 100 ಚಾರ್ಜ್ ಎಂದು ತೋರಿಸುತ್ತಿದ್ದಾಗಲೇ ನನ್ನ ಮೊದಲ ಬ್ಯಾಟರಿ ಸ್ವಯಂಪರೀಕ್ಷೆಯಲ್ಲಿ ಕೈಕೊಟ್ಟಿತು. ತೆಗೆಯಹೋದರೆ ಪಕ್ಕಗಳು ಉಬ್ಬಿ ಕವಚಕ್ಕೆ ಕಚ್ಚಿಕೊಂಡಿದ್ದವು. ಸೂಚಕವನ್ನೇ ನಂಬದೆ, ಆಗಾಗ ಲೋಡ್ ಸಹಿತ ಪರೀಕ್ಷಿಸುವುದು ಕ್ಷೇಮ.

ಲೇಸರ್ ಪ್ರಿಂಟರನ್ನು ಬ್ಯಾಟರಿ ಬೆಂಬಲದ ಸಾಕೆಟ್ಟಿಗೆ ಸಿಕ್ಕಿಸಲೇಬಾರದು. ಅದು ಬಿಸಿಯೇರುವಾಗ ಎಳೆಯುವ ವಿದ್ಯುತ್ತಿಗೆ ಇಂಥ ಯುಪಿಎಸ್ ಓವರ್‌ಲೋಡ್ ಆಗುತ್ತದೆ. ಸಣ್ಣ ಕಚೇರಿಯ ಸರ್ವರ್‌ಗೆ ಇದನ್ನು ಧಾರಾಳವಾಗಿ ಕೊಳ್ಳಬಹುದು. ಮಿಲಿಸೆಕೆಂಡಿನ ಅಡಚಣೆಯನ್ನೂ ಸಹಿಸದ ಪ್ರಯೋಗಾಲಯದ ಉಪಕರಣಗಳಿಗಾದರೆ, ಸದಾ ಇನ್ವರ್ಟರ್ (ಡಿಸಿಯನ್ನು ಎಸಿಯಾಗಿಸುವ ಭಾಗ) ಮೂಲಕವೇ ವಿದ್ಯುತ್ ಕೊಡುವ ಆನ್‌ಲೈನ್ ಮಾದರಿಯೇ ಬೇಕು.