ಶಿರಾಡಿಯೋ, ಚಾರ್ಮಾಡಿಯೋ: ಹಳೇ ಫಿಯಟ್‌ನಲ್ಲಿ ಕರಾವಳಿಗೆ

ಎಂಬತ್ತರ ದಶಕದ ಬೇಸಿಗೆ ರಜೆಯ ಹಾಗೆ ಹಳೇ ಫಿಯಟ್‌ನಲ್ಲೇ ಬೆಂಗಳೂರಿನಿಂದ ಕರಾವಳಿಗೆ ಹೊರಟಿದ್ದೀರಾ? ಹಾಸನದವರೆಗೆ ದಾರಿ ಒಂದೇ. ಆಮೇಲೆ ಶಿರಾಡಿ ಮಂಗಳೂರಿಗೆ ನೇರ, ಒಟ್ಟು ಸುಮಾರು 350 ಕಿ.ಮೀ.; ಟ್ಯಾಂಕರ್‌ಗಳ ಹಿಂದೆ ತೆವಳಬೇಕು, ಅಷ್ಟೇ. ಚಾರ್ಮಾಡಿ ಬೇಲೂರು, ಮೂಡಿಗೆರೆ ಸುತ್ತಿ ಉಜಿರೆಗೆ ಇಳಿಯುತ್ತದೆ. ಧರ್ಮಸ್ಥಳಕ್ಕೆ ಹೋಗುವವರಿಗೆ ಅದೇ ಸರಿ, ಕೊಟ್ಟಿಗೆಹಾರದ ನೀರುದೋಸೆಯೂ ಸಿಗುತ್ತದೆ. ಆದರೆ ಆ ಕಡಿದಾದ ತಿರುವುಗಳಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಎರಡನೇ ಗೇರ್‌ನಲ್ಲೇ ಇಳಿಸಿ.

ವಾಪಸ್ ಹತ್ತುವಾಗ ಎರಡೂ ಘಾಟಿಯಲ್ಲಿ ತೊಂದರೆ ಒಂದೇ: ಎಂಜಿನ್‌ಗೆ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ಜಗ್ಗಿ ಜಗ್ಗಿ ನಿಲ್ಲುತ್ತದೆ. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ 20 ನಿಮಿಷ ಬಿಡಿ. ಕಾದ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಮೇ ತಿಂಗಳಲ್ಲಾದರೆ ನಮ್ಮ ಮತ ಶಿರಾಡಿಗೇ. ನಸುಕಿನ 4ಕ್ಕೆ ಬೆಂಗಳೂರು ಬಿಡಿ, ಬಿಸಿಲೇರುವ ಮುಂಚೆ ಸಕಲೇಶಪುರ ದಾಟಬಹುದು.